ವಕೀಲನ ಮೂಗು

ಇವತ್ತು ಬೆಳಿಗ್ಗೆ ಅಮ್ಮ ಒಣಮೆಣಸು ಹುರಿದಳು. ಒಣಮೆಣಸು ಹುರಿಯುವ ಮನೆಯಲ್ಲಿ ಯಾರು ಎಲ್ಲಿದ್ದಾರೆಂದು ಹುಡುಕಬೇಕಾಗಿಲ್ಲ, ಸೀನು ಕೇಳಿದ ಕಡೆ ಹೋದರೆ ಸಾಕು. ಮೊದಲು ಅಮ್ಮನೇ ಸೀನಿದಳು, ಆಮೇಲೆ ನಾನು. ನಮ್ಮಿಬ್ಬರ ಸೀನಿಗೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಜಗಲಿಯಲ್ಲಿ ಮಲಗಿದ್ದ ವಕೀಲ ಸೀನಿದ. ನಾನು ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಅಲ್ಲೇ ಬಿಟ್ಟು ಎದ್ದೆ. ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಇಬ್ಬರೂ ಬಗ್ಗಿ ಅವನ ಎಡ ಹೊಳ್ಳೆಯೊಳಗೆ ಇಣುಕಿದೆವು. ಅವನು ನಮ್ಮನ್ನು ಸ್ವಲ್ಪ ಮುಜುಗರದಿಂದಲೇ ನೋಡಿದ.

ವಕೀಲ ನಮ್ಮ ನಾಯಿ. ಕಂದು ಬಣ್ಣ, ಮಡಚಿದ ಒಂದು ಕಿವಿ. ಯಾವ ಜಾತಿ ಎಂದು ಕೇಳಿದವರಿಗೆ ನಾವು ಹೇಳುವುದು ‘ಹಿರೇಕೊಡಿಗೆ’ ಎಂದು. ನಮ್ಮ ಆ ಊರಲ್ಲೇ ಹುಟ್ಟಿದ್ದು, ಅದಕ್ಕಿಂತ ಹೆಚ್ಚಿನ ವಂಶಾವಳಿ ನಮಗೂ ಗೊತ್ತಿಲ್ಲ. ಹೆಸರಿಟ್ಟವಳು ಅಮ್ಮ. ಮರಿಯಾಗಿದ್ದಾಗ ಬಂದವರಿಗೆಲ್ಲ ಬೊಗಳುತ್ತಿದ್ದ. ಬೊಗಳಿ ಮುಗಿಸಿದ ಮೇಲೆ ತಲೆ ಓರೆ ಮಾಡಿ ಅವರ ಉತ್ತರಕ್ಕೆ ಕಾಯುತ್ತಿದ್ದ. “ಈ ಮನೇಲಿ ವಾದ ಮಾಡೋಕೆ ಒಬ್ಬಳು ಸಾಕಾಗಿರ್ಲಿಲ್ಲ ಅಂತ ಇವನೊಬ್ಬ ವಕೀಲ ಬಂದ,” ಎಂದಳು ಅಮ್ಮ.

ಆ ಒಬ್ಬಳು ನಾನು. ಹೈಸ್ಕೂಲಿನಿಂದ ಹಿಡಿದು ಕಾಲೇಜು ಮುಗಿಯುವ ತನಕ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆಯೇ ಬೆಳೆದವಳು. ಪರ ಸಿಕ್ಕರೆ ಪರ, ವಿರೋಧ ಸಿಕ್ಕರೆ ವಿರೋಧ. ಗಂಟೆ ಬಾರಿಸುವುದರೊಳಗೆ ಎದುರಾಳಿಯ ಒಂದು ಮಾತನ್ನಾದರೂ ಮುರಿದು ಕೈಗೆ ಕೊಡಬೇಕು. ಈಗ ಬಾಳಗಡಿಯಲ್ಲಿ ಕಾಲೇಜಿನ ಮಕ್ಕಳಿಗೆ ಪಾಠ ಮಾಡುತ್ತೇನೆ, ಜೊತೆಗೆ ಈ ದುರಭ್ಯಾಸವನ್ನೂ ಕಲಿಸುತ್ತೇನೆ. ಹೋಟೆಲಿನ ಮಾಣಿ “ದೋಸೆ ಬಿಸಿ ಇದೆ” ಎಂದರೆ “ಯಾವುದಕ್ಕೆ ಹೋಲಿಸಿದರೆ?” ಎಂದು ಕೇಳಬೇಕು ಎನಿಸುತ್ತದೆ. ಒಮ್ಮೆ ಕೇಳಿಯೂ ಬಿಟ್ಟಿದ್ದೇನೆ. ದೋಸೆ ತಣ್ಣಗಾಗುವ ತನಕ ಉತ್ತರ ಬರಲಿಲ್ಲ. ನೀವು ನನ್ನ ಜೊತೆ ಊಟಕ್ಕೆ ಕೂತರೆ ಸುಸ್ತಾಗುತ್ತೀರಿ, ಮೊದಲೇ ಹೇಳಿಬಿಡುತ್ತೇನೆ.

ಎರಡು ಬೇಸಿಗೆಯ ಹಿಂದಿನ ಮಾತು. ಹಳ್ಳದ ಹರಿವು ನಿಂತು, ಬಂಡೆಗಳ ನಡುವಿನ ಗುಂಡಿಗಳಲ್ಲಿ ಮಾತ್ರ ನೀರು ಉಳಿದಿದ್ದ ಕಾಲ. ಒಂದು ಬೆಳಿಗ್ಗೆ ವಕೀಲ ಸೀನಿದ. ಸೀನಿದ ಕಡೆ ಸಿಮೆಂಟಿನ ನೆಲದ ಮೇಲೆ ಕುಂಕುಮ ಚಿಮುಕಿಸಿದ ಹಾಗೆ ಕೆಂಪು. ನಾಯಿ ಸೀನುವುದು ಹೊಸದಲ್ಲ, ಎಲ್ಲೋ ಮುಳ್ಳು ತಾಗಿರಬೇಕು ಎಂದುಕೊಂಡೆವು. ಮರುದಿನವೂ ರಕ್ತ ಬಂತು. ಅದರ ಮರುದಿನ ಮೂಗಿನಿಂದ ತೊಟ್ಟಿಕ್ಕುತ್ತಲೇ ಇತ್ತು.

ನಮ್ಮ ಸೀಮೆಯಲ್ಲಿ ದನದ ಡಾಕ್ಟರು ಯಾರೆಂದು ಕೇಳಿದರೆ ಹತ್ತು ಜನ ದಾರಿ ತೋರಿಸುತ್ತಾರೆ. ನಾಯಿಗೆ ಯಾರು ಎಂದು ಕೇಳಿ ನೋಡಿ, ಹತ್ತು ಜನವೂ ಹತ್ತು ಕಡೆ ಕೈ ತೋರಿಸುತ್ತಾರೆ. ಮೊದಲು ಕೊಪ್ಪದಲ್ಲಿ ಗಾಜಿನ ಬಾಗಿಲಿದ್ದ ಒಂದು ಕ್ಲಿನಿಕ್ಕಿಗೆ ಹೋದೆವು. ಅಲ್ಲಿಯ ಡಾಕ್ಟರು ಉಣ್ಣೆ ಜ್ವರ ಎಂದರು, ಮಾತ್ರೆ ಕೊಟ್ಟರು. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ನಾಯಿಯ ಮೂಗಿಂದ ರಕ್ತ ಬರುವುದುಂಟು, ಅನುಮಾನ ತಪ್ಪಲ್ಲ. ಆದರೆ “ಅದಲ್ಲದಿದ್ದರೆ ಮತ್ತೇನಿರಬಹುದು?” ಎಂದು ನಾನು ಕೇಳಿದ್ದಕ್ಕೆ ಅವರು ಗಡಿಯಾರ ನೋಡಿದರು. ಮಾತ್ರೆ ಅರ್ಧ ಮುಗಿದರೂ ರಕ್ತ ನಿಲ್ಲದೆ ಶೃಂಗೇರಿಗೆ ಹೋದೆವು. ಯಾತ್ರಿಕರ ಬಸ್ಸುಗಳ ಸಂದಿಯಲ್ಲಿ ಜೀಪು ನಿಲ್ಲಿಸಿ, ವಕೀಲನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಅಲ್ಲಿಯ ಡಾಕ್ಟರು ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ಚರ್ಚಾಸ್ಪರ್ಧೆಯಾಗಿದ್ದರೆ ನಾನೇ ಬಹುಮಾನ ಕೊಡುತ್ತಿದ್ದೆ. ಮೂಗಿನೊಳಗೆ ಗಡ್ಡೆ ಇದೆ, ಶಿವಮೊಗ್ಗಕ್ಕೆ ಒಯ್ದು ಅರಿವಳಿಕೆ ಕೊಡಿಸಿ ತೆಗೆಸಬೇಕು, ಸಂಶಯವೇ ಇಲ್ಲ. ಸಂಶಯವೇ ಇಲ್ಲ ಎಂಬ ಮಾತು ಕೇಳಿದ ಕೂಡಲೇ ನನಗೆ ಸಂಶಯ ಬಂತು. ಗಡ್ಡೆಯನ್ನು ಅವರು ಕಂಡಿರಲಿಲ್ಲ. ಕಾಣದ್ದನ್ನು ಕಂಡ ಹಾಗೆ ಹೇಳುವ ಕಸುಬು ನನಗೂ ಗೊತ್ತು. ಅದರಲ್ಲಿ ಶೀಲ್ಡು ಗೆದ್ದವಳು ನಾನು.

ಆದರೆ ಮನೆಗೆ ಬಂದ ಮೇಲೆ ಅಮ್ಮ ವಕೀಲನ ತುಟಿ ಎತ್ತಿ ತೋರಿಸಿದಳು. ಗುಲಾಬಿ ಬಣ್ಣವಿರಬೇಕಾದ ಒಸಡು ರಕ್ತ ಹೋಗಿ ಬೆಳ್ಳಗಾಗಿತ್ತು. ಆ ಸಂಜೆ ಹಾಲಿನವನು ಬಂದು ಹೋದ. ವಕೀಲ ತಲೆ ಎತ್ತಿ ನೋಡಿದ, ಬೊಗಳಲಿಲ್ಲ. ಬೊಗಳದ ವಕೀಲನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ವಾದ ಮಾಡಲು ಇನ್ನೂ ಸಮಯವಿದೆ ಎಂದುಕೊಂಡಿದ್ದೆ. ಅವನ ಹತ್ತಿರ ಅಷ್ಟು ಸಮಯ ಇರಲಿಲ್ಲ.

“ಎನ್.ಆರ್. ಪುರದಲ್ಲಿ ಒಬ್ರು ಲೇಡಿ ಡಾಕ್ಟ್ರು ಇದ್ದಾರಂತೆ,” ಎಂದಳು ಅಮ್ಮ. “ಕೈಗುಣ ಬಹಳ ಒಳ್ಳೇದಂತೆ.”

“ಕೈಗುಣ ಅಂದ್ರೆ ಎಂತ?”

“ಕೈಗುಣ ಅಂದ್ರೆ ಕೈಗುಣ.”

“ಅಂಥ ವ್ಯಾಖ್ಯೆ ನಡೆಯಲ್ಲ ಅಮ್ಮ. ವಾಸಿಯಾದವರು ಬಂದು ಹೇಳ್ತಾರೆ, ಸತ್ತ ನಾಯಿ ಬಂದು ಹೇಳತ್ತಾ? ಹಾಗಿದ್ರೆ ಎಲ್ಲಾ ಡಾಕ್ಟ್ರ ಕೈಗುಣವೂ ಒಳ್ಳೇದೇ.”

“ನಿನ್ನ ಬಾಯಿಗುಣ ಒಂದು ಬಿಟ್ಟು,” ಎಂದು ಅಮ್ಮ ಒಳಗೆ ಹೋದಳು. ಆ ಸುತ್ತು ಅವಳದ್ದು.

ಕೈಗುಣದ ಮೇಲೆ ನನಗೆ ಹಳೆಯ ಸಿಟ್ಟಿದೆ. ಬೀಜ ಹಾಕಿದ್ದು ಹುಟ್ಟಿದರೆ ಕೈಗುಣ, ಉಪ್ಪಿನಕಾಯಿ ಕೆಡದಿದ್ದರೆ ಕೈಗುಣ, ದನ ಸಲೀಸಾಗಿ ಕರು ಹಾಕಿದರೆ ಪಕ್ಕದಲ್ಲಿ ಸುಮ್ಮನೆ ನಿಂತಿದ್ದವರ ಕೈಗುಣ. ಬೀಜ ಹುಟ್ಟದಿದ್ದರೆ ಮಾತ್ರ ಬೀಜದ್ದೇ ತಪ್ಪು. ಸೋಲಲು ಸಾಧ್ಯವೇ ಇಲ್ಲದ ಇಂಥ ವಾದ ವಾದವೇ ಅಲ್ಲ ಎಂದು ನಮ್ಮ ಮಕ್ಕಳಿಗೆ ಮೊದಲ ಪಾಠದಲ್ಲೇ ಹೇಳುತ್ತೇನೆ. ಆದರೂ ಬೆಳ್ಳಗಾದ ಆ ಒಸಡು ಕಣ್ಣ ಮುಂದಿತ್ತು. ನಂಬರು ಹುಡುಕಿ ಫೋನು ಮಾಡಿದೆ.

ಆ ಕಡೆಯಿಂದ ನಿಧಾನದ ದನಿ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ರಕ್ತ ಎರಡೂ ಹೊಳ್ಳೆಯಿಂದ ಬರತ್ತೋ, ಒಂದರಿಂದಲೋ?” ಎಂದರು. ಎಡಗಡೆಯಿಂದ ಮಾತ್ರ ಎಂದೆ. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. “ನೀರು ಎಲ್ಲಿ ಕುಡೀತಾನೆ?”

“ಮನೇಲೇ. ಬಟ್ಟಲಿದೆ,” ಎಂದೆ.

“ಹಳ್ಳದಲ್ಲೂ ಕುಡೀತಾನೆ ಅಂತ ಹೇಳೇ!” ಎಂದು ಅಡುಗೆಮನೆಯಿಂದ ಅಮ್ಮ ಕೂಗಿದಳು.

“ಅದ್ಯಾರು ಹೇಳಿದ್ದು? ಅವರನ್ನೂ ಕರ್ಕೊಂಡು ಬನ್ನಿ,” ಎಂದರು ಡಾಕ್ಟರು. “ನನಗೆ ಅನ್ಸೋದು ಜಿಗಣೆ. ಕಾಲಿಗೆ ಹತ್ತೋ ಉಂಬಳ ಅಲ್ಲ. ನಿಂತ ನೀರಲ್ಲಿ ಇರೋದು. ನೀರು ಕುಡಿಯುವಾಗ ಮೂಗೊಳಗೆ ಹೋಗಿ ಅಲ್ಲೇ ಸಂಸಾರ ಹೂಡತ್ತೆ. ಖಾತ್ರಿ ಇಲ್ಲ, ನೋಡ್ಬೇಕು. ಬೆಳಿಗ್ಗೆ ಬನ್ನಿ. ಈಗಿಂದ ಅವನಿಗೆ ನೀರು ಮಾತ್ರ ಕೊಡಬೇಡಿ.”

ಖಾತ್ರಿ ಇಲ್ಲ! ವಾರದಿಂದ ಡಾಕ್ಟರುಗಳ ಬಾಯಲ್ಲಿ ನಾನು ಕೇಳಬೇಕೆಂದಿದ್ದ ಮಾತು ಅದೇ. ಆದರೂ ಕೇಳಿದ ಮೇಲೆ ಸಮಾಧಾನವಾಗಲಿಲ್ಲ. ಖಾತ್ರಿ ಇದೆ ಎಂದವರನ್ನು ನಂಬಲಾರೆ, ಇಲ್ಲ ಎಂದವರ ಕೈಗೆ ನಾಯಿಯನ್ನು ಕೊಡಲಾರೆ. ಸಂಶಯವಾದಿಯ ಸಂಸಾರ ಇಷ್ಟೇ ನೋಡಿ.

ವಕೀಲನನ್ನು ಅವತ್ತು ಒಳಗಿನ ಕೋಣೆಯಲ್ಲಿ ಕೂಡಿ ಹಾಕಿದೆ. ಬೆಳಿಗ್ಗೆ ಹೊರಟೆವು. ಅಮ್ಮ ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳೇ ಪಂಚೆಯ ತುಂಡಿನಿಂದ ಮೂಗು ಒರೆಸುತ್ತ ಕೂತಿದ್ದಳು. ಕೊಪ್ಪ ದಾಟಿದ ಮೇಲೆ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಪಾಟೀಸವಾಲು ಸಿದ್ಧ ಮಾಡಿಕೊಂಡೆ.

ಕ್ಲಿನಿಕ್ಕೆಂದರೆ ಹಂಚಿನ ಒಂದು ಮನೆ, ಎದುರಿಗೆ ಹಲಸಿನ ಮರ, ಮರದ ಕೆಳಗೆ ಬೆಂಚು. ಬೆಂಚಿನ ಮೇಲೆ ಸಂಚಿಯಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಅಜ್ಜ. ಸಂಚಿಯಿಂದ ಕೋಳಿಯ ತಲೆ ಮಾತ್ರ ಹೊರಗಿತ್ತು, ಬಸ್ಸಿನ ಕಿಟಕಿಯಲ್ಲಿ ಕೂತವರ ಹಾಗೆ ಲೋಕ ನೋಡುತ್ತಿತ್ತು. ಡಾಕ್ಟರಿಗೆ ನಡುವಯಸ್ಸು, ಕೂದಲು ಎತ್ತಿ ಕಟ್ಟಿದ್ದರು. ವಕೀಲನನ್ನು ಮೇಜಿನ ಮೇಲೆ ಹತ್ತಿಸಲಿಲ್ಲ. ತಾವೇ ನೆಲದ ಮೇಲೆ ಕೂತು, ಒಸಡು ನೋಡಿದರು, ಎದೆಗೆ ಸ್ಟೆತೊಸ್ಕೋಪು ಇಟ್ಟರು. ಆಮೇಲೆ ಮೂಗಿಗೆ ಟಾರ್ಚು ಬಿಟ್ಟರು. ಏನೂ ಕಾಣಲಿಲ್ಲ ಎಂದರು.

ನಾನು ಶುರು ಮಾಡಿದೆ. “ಕಾಣದಿದ್ದರೂ ಜಿಗಣೆ ಅಂತ ಹೇಗೆ ಹೇಳ್ತೀರಿ?”

“ಹೇಳ್ತಿಲ್ಲ. ಅನುಮಾನ ಪಡ್ತಿದ್ದೀನಿ.”

“ನಿಮ್ಮ ಅನುಮಾನ ತಪ್ಪಾದ್ರೆ ಅದು ತಪ್ಪು ಅಂತ ನಮಗೆ ಹೇಗೆ ಗೊತ್ತಾಗತ್ತೆ?”

ಅವರು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. ಸಿಟ್ಟು ಬಂತೇನೋ ಎಂದುಕೊಂಡೆ. “ಒಳ್ಳೇ ಪ್ರಶ್ನೆ,” ಎಂದರು. “ಬಾಯಾರಿದ ನಾಯಿಗೆ ನೀರು ತೋರಿಸಿದ್ರೆ ಜಿಗಣೆ ನೀರಿನ ಆಸೆಗೆ ಹೊರಗೆ ಇಣುಕ್ಬೇಕು. ಇವತ್ತು ಇಣುಕ್ಲಿಲ್ಲ ಅಂದ್ರೆ ನಾನು ತಪ್ಪಿರಬಹುದು. ಆಗ ಶಿವಮೊಗ್ಗಕ್ಕೆ ನಾನೇ ಬರೆದು ಕೊಡ್ತೀನಿ. ಆದ್ರೆ ಇಷ್ಟು ರಕ್ತ ಹೋದ ನಾಯಿಗೆ ಅರಿವಳಿಕೆ ಕೊಟ್ರೆ ಏಳದೆಯೂ ಇರಬಹುದು. ಅದಕ್ಕೇ ಮೊದಲು ಇದನ್ನ ನೋಡೋಣ ಅಂತ.”

ಬಿಳಿ ಪಿಂಗಾಣಿ ಬೋಗುಣಿಯಲ್ಲಿ ನೀರು ತಂದು, ವಕೀಲನ ಮೂಗಿನ ಕೆಳಗೆ ಹಿಡಿದರು. ಅಮ್ಮ ಅವನ ಕತ್ತು ಹಿಡಿದಳು. ನಾವೆಲ್ಲ ನೋಡಿದೆವು. ವಕೀಲ ನೀರನ್ನು ನೋಡಿದ, ಗೋಡೆಯನ್ನು ನೋಡಿದ, ಕೋಳಿಯನ್ನು ನೋಡಿದ. ಮೂಗಿನಿಂದ ಒಂದು ತೊಟ್ಟು ರಕ್ತ ನೀರಿಗೆ ಬಿದ್ದು ಹೊಗೆಯಂತೆ ಹರಡಿತು. ಬೇರೇನೂ ಬರಲಿಲ್ಲ.

“ಅಂದ್ರೆ ನಿಮ್ಮ ಅನುಮಾನ ಬಿತ್ತು,” ಎಂದೆ. ಗೆದ್ದ ದನಿ ಅದು. ಗೆದ್ದರೆ ವಕೀಲ ಶಿವಮೊಗ್ಗದ ಮೇಜಿನ ಮೇಲೆ ಮಲಗಬೇಕು ಎಂಬುದು ಮಾತು ಮುಗಿದ ಮೇಲೆ ನೆನಪಾಯಿತು.

ಡಾಕ್ಟರು ಬೆರಳಿನಿಂದ ವಕೀಲನ ತುಟಿಯೊಳಗೆ ಮುಟ್ಟಿ ನೋಡಿ, “ಇವನು ನೀರು ಕುಡಿದಿದ್ದಾನೆ,” ಎಂದರು.

“ಸಾಧ್ಯವೇ ಇಲ್ಲ! ಬಾಗಿಲಿಗೆ ಚಿಲಕ ಹಾಕಿದ್ದೆ. ಹೊರಡೋ ತನಕ ನಾನೇ ಕಾದಿದ್ದೀನಿ.”

“ಬಾಯೊಳಗೆ ಒದ್ದೆ ಇದೆ ಮಾರಾಯ್ರೆ. ಬಾಯಾರಿದ ನಾಯಿ ನೀರು ಬಿಟ್ಟು ಕೋಳಿ ನೋಡಲ್ಲ.”

ನಾನು ಇನ್ನೂ ವಾದಿಸುವವಳಿದ್ದೆ. ಆಗ ಗಮನಿಸಿದೆ, ಅಮ್ಮ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು.

“ಅಮ್ಮ?”

“ಹೊರಡೋ ಹೊತ್ತಿಗೆ ಒಂದು ಚೂರು,” ಎಂದಳು ಅಮ್ಮ. “ನೀನು ಜೀಪು ತಿರುಗಿಸ್ತಿದ್ದೆ. ಬಾಯಿ ಒಣಗಿಸ್ಕೊಂಡು ನನ್ನ ಮುಖ ನೋಡ್ತಾನೆ ಮಾರಾಯ್ತಿ. ಮನೆ ಮೆಟ್ಟಿಲು ಇಳಿಯೋರನ್ನ ನೀರೂ ಕೊಡದೆ ಕಳಿಸಿದ್ದುಂಟಾ ನಾವು?”

ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ನಮ್ಮ ಮನೆಗಳಲ್ಲಿ ಯಾರೇ ಬರಲಿ, ಹೆಸರು ಕೇಳುವ ಮೊದಲು ನೀರು-ಬೆಲ್ಲ ಬರುತ್ತದೆ. ಜಗಳ ಮಾಡಲು ಬಂದವರಿಗೂ ಅಷ್ಟೇ. ನೀರು ಕುಡಿದು, ಬಾಯಿ ಒರೆಸಿಕೊಂಡು, ಆಮೇಲೆ ಜಗಳ. ಹೊರಡುವಾಗ ಮತ್ತೊಮ್ಮೆ. ಡಾಕ್ಟರ ಮಾತನ್ನು ಅಮ್ಮ ಕೇಳಿಸಿಕೊಂಡಿದ್ದಳು, ಒಪ್ಪಿದ್ದಳು ಕೂಡ. ಆದರೆ ಕೈ ಒಪ್ಪಿರಲಿಲ್ಲ. ಅವಳ ಕೈಗೆ ಆ ಕೆಲಸ ಅವಳಿಗಿಂತ ಹಳೆಯದು.

ಡಾಕ್ಟರು ಬೈಯುತ್ತಾರೆ ಎಂದು ಕಾದೆ. ಅವರು ನಕ್ಕರು. “ನಮ್ಮಮ್ಮನಾಗಿದ್ರೆ ಬೆಲ್ಲನೂ ಕೊಡ್ತಿದ್ರು. ಇರ್ಲಿ, ಬಿಸಿಲು ಏರಲಿ. ಬೆಂಚಲ್ಲಿ ಕೂತಿರಿ, ಮಧ್ಯಾಹ್ನ ನೋಡೋಣ. ತಪ್ಪು ನನ್ನದೂ ಇದೆ. ನೀರು ಕೊಡಬೇಡಿ ಅಂದೆ, ಎಂತಕ್ಕೆ ಅಂತ ಅಮ್ಮನಿಗೆ ಹೇಳ್ಲಿಲ್ಲ.”

ಹೀಗೆ ಆ ಬೆಳಿಗ್ಗೆಯೆಲ್ಲ ಹಲಸಿನ ಮರದ ಕೆಳಗೆ ಕೂತೆವು. ಒಂದು ಕ್ಲಿನಿಕ್ಕನ್ನು ಅಳೆಯಬೇಕಾದರೆ ನಿಮ್ಮ ಸರದಿ ಅಲ್ಲದಾಗ ಅಲ್ಲಿ ಕೂತಿರಬೇಕು ಎಂದು ಈಗ ನಾನು ಹೇಳುತ್ತೇನೆ. ಕರುವಿಗೆ ಸಣ್ಣ ಭೇದಿ ಎಂದು ಓಡಿ ಬಂದ ಒಬ್ಬರು “ಒಂದು ಇಂಜೆಕ್ಷನ್ ಆದ್ರೂ ಹಾಕಿ ಡಾಕ್ಟ್ರೇ, ಇಷ್ಟು ದೂರ ಬಂದಿದ್ದೀನಿ” ಎಂದು ಅಂಗಲಾಚಿದರು. “ನೀವು ದೂರ ಬಂದಿದ್ದಕ್ಕೆ ಕರುವಿಗೆ ಯಾಕೆ ಚುಚ್ಚಲಿ?” ಎಂದರು ಡಾಕ್ಟರು. ಬಂದವರು ಮುನಿಸಿಕೊಂಡೇ ಹೋದರು. ಕರೆಂಟು ಹೋಯಿತು. ನಾನು ತಕ್ಷಣ ಒಳಗೆ ನುಗ್ಗಿ, ಕರೆಂಟು ಹೋದರೆ ಫ್ರಿಜ್ಜಿನ ಲಸಿಕೆ ಏನಾಗುತ್ತದೆ ಎಂದು ಕೇಳಿದೆ. ಅವರು ಫ್ರಿಜ್ಜಿನ ಬಾಗಿಲಿಗೆ ನೇತು ಹಾಕಿದ್ದ ಉಷ್ಣಮಾಪಕ ತೋರಿಸಿದರು, ಐಸಿನ ಡಬ್ಬಿ ತೋರಿಸಿದರು, ಮತ್ತೆ ಕೆಲಸಕ್ಕೆ ಹೋದರು. ನನ್ನ ಪ್ರಶ್ನೆಗಳು ಒಂದೊಂದಾಗಿ ಉದುರುತ್ತಿದ್ದವು. ಅವರು ಹೊಡೆದು ಉರುಳಿಸಿದ್ದಲ್ಲ, ಹಣ್ಣಾದ ಎಲೆಯ ಹಾಗೆ.

“ನೀವು ಯಾಕೆ ಇಷ್ಟು ಪರೀಕ್ಷೆ ಮಾಡೋದು?” ಎಂದು ಕೋಳಿಯ ಅಜ್ಜ ಕೇಳಿದ. ತನ್ನ ಕೆಲಸ ಆಗಿದ್ದರೂ ಹೋಗಿರಲಿಲ್ಲ, ನಮ್ಮ ನಾಯಿಯ ಕತೆ ಮುಗಿಯಲಿ ಎಂದು ಕೂತಿದ್ದ.

“ನಂಬಬೇಕಲ್ಲ ಅಜ್ಜ.”

“ನಂಬೋದಾದ್ರೆ ನಂಬಿ. ಪರೀಕ್ಷೆ ಮಾಡೋದಾದ್ರೆ ಮಾಡಿ. ಎರಡೂ ಒಟ್ಟಿಗೆ ಮಾಡಿದ್ರೆ ನಾಯಿಗೆ ತಲೆ ತಿರುಗತ್ತೆ.”

ವಕೀಲ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದ. ಬೆಂಚಿನ ಕೆಳಗಿನ ನೆಲದಲ್ಲಿ ಕೆಂಪು ಚುಕ್ಕೆಗಳು ಹೆಚ್ಚಾಗುತ್ತಿದ್ದವು. ಅಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು ಕೂತಿದ್ದಳು, ಅವು ಮತ್ತೆ ನೀರು ಕೊಟ್ಟುಬಿಟ್ಟರೆ ಎಂಬ ಹೆದರಿಕೆಯಿಂದ.

ಮಧ್ಯಾಹ್ನ ಡಾಕ್ಟರು ಕರೆದರು. ಮತ್ತೆ ನೆಲ, ಮತ್ತೆ ಅದೇ ಬಿಳಿ ಬೋಗುಣಿ. ಈ ಸಲ ನೀರು ಕಂಡದ್ದೇ ವಕೀಲನ ಮೈಯೆಲ್ಲ ಮುಂದಕ್ಕೆ ವಾಲಿತು. ಅಮ್ಮ ಅವನನ್ನು ತಬ್ಬಿ ಹಿಡಿದಳು. ನಾಲಿಗೆಗೆ ನಿಲುಕದಷ್ಟು ಕೆಳಗೆ, ಮೂಗಿಗೆ ತಂಪು ತಾಗುವಷ್ಟು ಹತ್ತಿರ, ಡಾಕ್ಟರು ಬೋಗುಣಿಯನ್ನು ಎಡಗೈಯಲ್ಲಿ ಹಿಡಿದರು. ಬಲಗೈಯಲ್ಲಿ ಚಿಮುಟ. ಆಮೇಲೆ ಅವರು ಏನೂ ಮಾಡಲಿಲ್ಲ.

ಏನೂ ಮಾಡದಿರುವುದನ್ನು ಅಷ್ಟು ಚೆನ್ನಾಗಿ ಮಾಡಿದವರನ್ನು ನಾನು ಕಂಡಿಲ್ಲ. ಆ ಕೈ ಅಲುಗಲಿಲ್ಲ. ಬೋಗುಣಿಯ ನೀರಿನಲ್ಲಿ ಕಿಟಕಿಯ ಚೌಕ ಬಿದ್ದಿತ್ತು, ಅದೂ ಅಲುಗಲಿಲ್ಲ. ಬಾಗಿಲಲ್ಲಿ ಅಜ್ಜ, ಅವನ ಹಿಂದೆ ಮತ್ತಾರೋ. ಕೋಳಿಯೂ ಸುಮ್ಮನಾಗಿತ್ತು.

ಹೊಳ್ಳೆಯ ಕತ್ತಲೆಯ ಅಂಚಿನಲ್ಲಿ ಏನೋ ಮಿಂಚಿತು. ಕಪ್ಪು, ಒದ್ದೆ, ದಾರದ ತುದಿಯಷ್ಟು. ಅತ್ತಿತ್ತ ಹುಡುಕಾಡಿತು, ಕಣ್ಣಿಲ್ಲದವರು ಬಾಗಿಲು ತಡಕುವ ಹಾಗೆ. ಒಳಗೆ ಹೋಯಿತು.

“ಹಿಡೀಬಾರ್ದಿತ್ತಾ?” ಎಂದು ಪಿಸುಗುಟ್ಟಿದೆ. ಅಮ್ಮ ಕಣ್ಣಲ್ಲೇ ಬೈದಳು.

ಮತ್ತೆ ಬಂತು. ಈ ಸಲ ಉದ್ದವಾಗಿ. ನೀರಿನ ವಾಸನೆಯೋ ತಂಪೋ ಅದನ್ನು ಕರೆಯುತ್ತಿತ್ತು. ನಮ್ಮ ನಾಯಿಯ ರಕ್ತ ಕುಡಿದು ಕೊಬ್ಬಿದ್ದ ಜೀವಕ್ಕೂ ಬೇಕಾದದ್ದು ಆ ನೀರೇ. ಮೇಲೆ ನಾಯಿಯ ಬಾಯಾರಿಕೆ, ಅದರೊಳಗೆ ಇನ್ನೊಂದು ಬಾಯಾರಿಕೆ, ಎರಡೂ ಒಂದೇ ಬೋಗುಣಿಯ ಮೇಲೆ ಬಾಗಿದ್ದವು. ಲೋಕದ ಸುದ್ದಿಯನ್ನೆಲ್ಲ ವಕೀಲ ಓದುವುದು ಆ ಮೂಗಿನಿಂದ. ಅದರ ಒಳಕೋಣೆಯಲ್ಲಿ ಇದು ಇಷ್ಟು ದಿನ ಬದುಕಿತ್ತು. ಈಗ ತಾನಾಗಿ ಬೆಳಕಿಗೆ ಬರುತ್ತಿತ್ತು. ನನಗೆ ಅಸಹ್ಯವಾಗಬೇಕಿತ್ತು. ಆಗಲಿಲ್ಲ. ಹೇಳಲು ನನ್ನ ಹತ್ತಿರ ಪರದ ಮಾತೂ ಇರಲಿಲ್ಲ, ವಿರೋಧದ್ದೂ ಇರಲಿಲ್ಲ.

ಅದರ ತುದಿ ನೀರು ಮುಟ್ಟಿತು. ಆಗ ಚಿಮುಟ ಮೆಲ್ಲಗೆ ಮುಚ್ಚಿತು. ಡಾಕ್ಟರು ಎಳೆಯಲಿಲ್ಲ, ಹಿಡಿದು ಕಾದರು, ಅದು ಒಳಗಿನ ಹಿಡಿತ ಬಿಡುವ ತನಕ. ರಬ್ಬರಿನಂತೆ ಉದ್ದವಾಗುತ್ತ, ಉದ್ದವಾಗುತ್ತ, ಕೊನೆಗೆ ಬೋಗುಣಿಯೊಳಗೆ ಬಿದ್ದು ಸುತ್ತಿಕೊಂಡಿತು. ಬಾಗಿಲಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

“ಈಗ ಕೊಡಿ ಅಮ್ಮ ನೀರು,” ಎಂದರು ಡಾಕ್ಟರು. ಅಮ್ಮನ ಕೈ ಸೆರಗಿನಿಂದ ಬಿಡಿಸಿಕೊಂಡು ಓಡಿತು. ವಕೀಲ ಹೊಸ ಬೋಗುಣಿ ಖಾಲಿ ಮಾಡಿ, ಇನ್ನೊಂದನ್ನು ಖಾಲಿ ಮಾಡಿ, ತಲೆ ಎತ್ತಿ, ಕೋಳಿಯ ಕಡೆ ತಿರುಗಿ ಬೊಗಳಿದ. ತಲೆ ಓರೆ ಮಾಡಿ ಉತ್ತರಕ್ಕೆ ಕಾದ.

ರಕ್ತ ಹೆಚ್ಚಲು ಟಾನಿಕ್ಕು ಬರೆದುಕೊಟ್ಟು, “ಒಳಗೆ ಇನ್ನೊಂದು ಇರಬಹುದು,” ಎಂದು ಡಾಕ್ಟರು ನನಗೆ ಹೇಳಿದರು. “ಇಲ್ಲ ಅಂತ ನಾನು ಹೇಳಲ್ಲ. ರಕ್ತ ಬಂದ್ರೆ, ಸೀನು ನಿಲ್ಲದಿದ್ರೆ ಕರ್ಕೊಂಡು ಬನ್ನಿ.” ಆಮೇಲೆ ಸ್ವಲ್ಪ ನಕ್ಕು, “ನಿಮ್ಮ ಪ್ರಶ್ನೆಗಳನ್ನೂ ಕರ್ಕೊಂಡು ಬನ್ನಿ,” ಎಂದರು.

ಮತ್ತೆ ರಕ್ತ ಬರಲಿಲ್ಲ. ಒಸಡಿಗೆ ಬಣ್ಣ ಬರಲು ಮಾತ್ರ ಬಹಳ ದಿನ ಹಿಡಿಯಿತು.

ಮೊನ್ನೆ ಕಾಲೇಜಿನಲ್ಲಿ ಸಹೋದ್ಯೋಗಿಯೊಬ್ಬಳು ತನ್ನ ಬೆಕ್ಕಿಗೆ ಯಾವ ಡಾಕ್ಟರು ಆದೀತು ಎಂದು ಕೇಳಿದಳು. ಕಾರಣಗಳನ್ನು ಒಂದೊಂದಾಗಿ ಕೊಡಬೇಕೆಂದು ಬಾಯಿ ತೆರೆದೆ. “ಎನ್.ಆರ್. ಪುರಕ್ಕೆ ಹೋಗು, ಅವರ ಕೈಗುಣ ಒಳ್ಳೇದು,” ಎಂದಿತು ಬಾಯಿ. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಇದೆಯೇ ಎಂದು. ಕೈಗುಣ ಎಂದರೇನು ಎಂದು ಅವಳು ಕೇಳಿದ್ದರೆ ನನ್ನ ಹತ್ತಿರ ಈಗ ವ್ಯಾಖ್ಯೆ ಇತ್ತು: ಗೊತ್ತಿಲ್ಲದ್ದರ ಮುಂದೆ ಅಲುಗದೆ ಇರುವುದು. ಅವಳು ಕೇಳಲಿಲ್ಲ.

“ಮೆಣಸಿನ ಘಾಟು ಅಷ್ಟೇ ಕಣೆ,” ಎಂದಳು ಅಮ್ಮ ಈ ಬೆಳಿಗ್ಗೆ, ಹೊಳ್ಳೆಯಿಂದ ಮುಖ ಎತ್ತಿ. ಇರಬಹುದು. ಹಾಗೆಂದು ನನಗೂ ಅನ್ನಿಸಿತು. ಆದರೂ ಒಳಗೆ ಹೋಗಿ ಬಿಳಿ ಬೋಗುಣಿಯಲ್ಲಿ ನೀರು ತಂದು, ವಕೀಲನ ಎದುರು ನೆಲದ ಮೇಲೆ ಕೂತು, ಅವನ ಮೂಗಿನ ಕೆಳಗೆ ಹಿಡಿದೆ. ಅಮ್ಮ ಸೌಟು ಕೆಳಗಿಟ್ಟು ಪಕ್ಕದಲ್ಲೇ ಕೂತಳು. ನೀರಿನಲ್ಲಿ ಮೊದಲು ಮಾಡಿನ ಹಂಚಿನ ಬಿಂಬ ನಡುಗುತ್ತಿತ್ತು, ಆಮೇಲೆ ನಡುಗಲಿಲ್ಲ. ಬಹಳ ಹೊತ್ತು ನೋಡಿದೆ. ಕೊನೆಗೆ ಕತ್ತಲೆಯಿಂದ ಹೊರಗೆ ಬಂದದ್ದು ಅವನ ನಾಲಿಗೆ. ಬೋಗುಣಿ ಬರಿದಾಗುವ ತನಕ ಕೈ ಹಾಗೆಯೇ ಹಿಡಿದುಕೊಂಡಿದ್ದೆ.